ಹದಿನಾಲ್ಕು ಅಲಗಿನ ಡಬ್ಬಿ ಬೇಕೋ ಬೇಡವೋ

ನಮ್ಮ ತರವಾಡು ಮನೆ, ಅಂದರೆ ಹಿರಿಯರ ಮೂಲಮನೆ, ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ತೋಟದ ನಡುವೆ ಇದೆ. ಅಲ್ಲಿ ಈಗ ದೊಡ್ಡಪ್ಪ, ದೊಡ್ಡಮ್ಮ, ಅವರ ಮೊಮ್ಮಗ ಮೂರೇ ಜನ. ಉಳಿದವರೆಲ್ಲ ವಾಟ್ಸಾಪ್ ಗುಂಪಿನಲ್ಲಿದ್ದೇವೆ. ಆ ಮನೆಗೆ ಏನಾದರೂ ಬೇಕಾದರೆ ಎಲ್ಲರೂ ದುಡ್ಡು ಹಾಕಿ ತರಿಸುವುದು ರೂಢಿ. ತೋಟದ ಪಂಪು, ಇನ್ವರ್ಟರಿನ ಬ್ಯಾಟರಿ ಇದಕ್ಕೆಲ್ಲ ಹೆಚ್ಚು ಮಾತೇ ಬೇಕಾಗಿರಲಿಲ್ಲ. ತರಕಾರಿ ಕೊರೆಯುವ ಸಾಮಾನಿಗೆ ಮಾತ್ರ ಒಂದು ಭಾನುವಾರ ಪೂರ್ತಿ ಹೋಯಿತು. ಎಲ್ಲರ ಒಪ್ಪಿಗೆ ಕೇಳಿ, ಗುಡ್ ಮಾರ್ನಿಂಗ್ ಚಿತ್ರಗಳನ್ನೂ ಮದುವೆ ಕಾಗದಗಳನ್ನೂ ತೆಗೆದು ಆ ಚರ್ಚೆಯನ್ನು ಇಲ್ಲಿ ಹಾಕಿದ್ದೇನೆ. ಮೈಸೂರಿನ ಅತ್ತಿಗೆ ಗುಂಪಿಗೆ ಬಂದ ಮೇಲೆ ನಾವು ಮನೆಮಾತು ಬಿಟ್ಟು ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇವೆ. ದೊಡ್ಡಮ್ಮ ಮಾತ್ರ ಬರೆಯುವುದಿಲ್ಲ, ಧ್ವನಿ ಕಳಿಸುತ್ತಾರೆ. ಅದನ್ನು ಕೇಳಿ ಬರೆದುಕೊಂಡದ್ದು ನಾನು. ಹಿಂದೆ ಕೋಳಿ ಕೂಗುವುದು, ಕುಕ್ಕರ್ ಸೀಟಿ ಹೊಡೆಯುವುದು ಬಿಟ್ಟುಹೋಗಿದೆ.

ತಮ್ಮ (ಬೆಂಗಳೂರು): ದೊಡ್ಡಮ್ಮ, ಈ ವಿಡಿಯೊ ನೋಡಿ. ಒಂದೇ ಡಬ್ಬಿ, ಹದಿನಾಲ್ಕು ಥರ ಕತ್ತರಿಸುತ್ತದೆ. ಆಫರಿನಲ್ಲಿ 799 ರೂಪಾಯಿ. ನಿಮ್ಮ ಮಂಡಿನೋವಿಗೆ ಇನ್ನು ನೆಲದಲ್ಲಿ ಕೂತು ಮೆಟ್ಟುಕತ್ತಿಯಲ್ಲಿ (ಈಳಿಗೆಯಲ್ಲಿ) ಕೊರೆಯುವುದು ಬೇಡ. ಎಲ್ಲರೂ ಸರಿ ಅಂದರೆ ಈಗಲೇ ಆರ್ಡರ್ ಮಾಡುತ್ತೇನೆ.

ಸಣ್ಣತ್ತೆ (ಉಪ್ಪಳ): ಚೆಂದ ಇದೆ. ನನಗೂ ಒಂದು ಇರಲಿ.

ಅಪ್ಪಚ್ಚಿ (ಚಿಕ್ಕಪ್ಪ, ನೀರ್ಚಾಲು): ಮೆಟ್ಟುಕತ್ತಿಗೆ ಏನಾಗಿದೆ? ನಮ್ಮ ಅಮ್ಮ ಅದರಲ್ಲೇ ಊರಿಗೆಲ್ಲ ಕೊರೆದು ಹಾಕಿದ್ದಾರೆ.

ತಮ್ಮ: ಅಜ್ಜಿಗೆ ಮಂಡಿನೋವು ಇರಲಿಲ್ಲ ಅಪ್ಪಚ್ಚಿ.

ಅಪ್ಪಚ್ಚಿ: ಇತ್ತು. ಹೇಳುತ್ತಿರಲಿಲ್ಲ.

ಅಕ್ಕ (ಮಂಗಳೂರು): ಮತ್ತೆ ಇವರೂ ಹೇಳದೆ ಇರಬೇಕು ಅಂತಲಾ?

ಅಪ್ಪಚ್ಚಿ ಅದಕ್ಕೆ ಉತ್ತರ ಬರೆಯಲಿಲ್ಲ. ಅವರು ಮಾಷ್ಟ್ರಾಗಿ ನಿವೃತ್ತರಾದವರು. ಉತ್ತರ ಇಲ್ಲದಿದ್ದರೆ ಬೇರೆ ಪ್ರಶ್ನೆ ಕೇಳುವುದು ಅವರ ಅಭ್ಯಾಸ.

ಅಪ್ಪಚ್ಚಿ: ಸರಿ. ಆ ಡಬ್ಬಿಯಲ್ಲಿ ಸುವರ್ಣಗೆಡ್ಡೆ ಆಗುತ್ತದಾ? ನೇಂದ್ರ ಬಾಳೆಕಾಯಿ? ಬಾಳೆದಿಂಡು? ವಿಡಿಯೊದಲ್ಲಿ ಬರೀ ಈರುಳ್ಳಿ, ಟೊಮೆಟೊ, ಸ್ಟ್ರಾಬೆರಿ ತೋರಿಸುತ್ತಿದ್ದಾರೆ. ಪೆರ್ಲದಲ್ಲಿ ಯಾರು ಸ್ಟ್ರಾಬೆರಿ ಪಲ್ಯ ಮಾಡುತ್ತಾರೆ?

ಅತ್ತಿಗೆ (ಮೈಸೂರು): ನಾನು ಹೇಳಲಾ? ನನ್ನ ಹತ್ತಿರ ಇಂಥದ್ದೇ ಡಬ್ಬಿ ಇತ್ತು. ಬೇರೆ ಕಂಪನಿಯದು, ಹೆಸರು ಬೇಡ. ಈರುಳ್ಳಿ, ಸೌತೆಕಾಯಿ, ಬೇಯಿಸಿದ ಆಲೂಗೆಡ್ಡೆಗೆ ನಿಜವಾಗಿ ಒಳ್ಳೆಯದು. ಮುಚ್ಚಳ ಒತ್ತಿದರೆ ಸಾಕು. ಬೀಟ್‌ರೂಟ್ ಇಟ್ಟು ಒತ್ತಿದೆ ನೋಡಿ, ಮುಚ್ಚಳದ ಕೀಲು ಮುರಿದು ಹೋಯಿತು. ಇಡೀ ಡಬ್ಬಿಯ ಜೀವ ಇರುವುದು ಆ ಎರಡು ಪ್ಲಾಸ್ಟಿಕ್ ಕೀಲಿನಲ್ಲಿ. ಅಲಗಿನ ಜಾಲರಿ ಇನ್ನೂ ಹೊಸದರ ಹಾಗೆ ಇದೆ, ಏನು ಮಾಡಲಿ ಅದನ್ನು?

ತಮ್ಮ: ಬೀಟ್‌ರೂಟನ್ನು ನಾಲ್ಕು ಹೋಳು ಮಾಡಿ ಇಡಬೇಕು ಅತ್ತಿಗೆ.

ಅತ್ತಿಗೆ: ನಾಲ್ಕು ಹೋಳು ಮಾಡಲು ಚಾಕು ತೆಗೆದ ಮೇಲೆ ಡಬ್ಬಿ ಯಾಕೆ?

ಇಲ್ಲಿಗೆ ಡಬ್ಬಿಯ ಕಥೆ ಅರ್ಧ ಮುಗಿದಿತ್ತು. ಆದರೆ ತಮ್ಮ ಬಿಡುವವನಲ್ಲ. ಹದಿನಾಲ್ಕು ಅಲಗಿನ ಪಟ್ಟಿಯನ್ನು ಒಂದೊಂದಾಗಿ ಗುಂಪಿಗೆ ಹಾಕಿದ. ಓದಿದರೆ ಅದರಲ್ಲಿ ಮೊಟ್ಟೆಯ ಬಿಳಿ ಲೋಳೆ ಬೇರ್ಪಡಿಸುವ ಚಮಚೆ ಒಂದು, ಸಿಪ್ಪೆ ಹೆರೆಯುವುದು ಒಂದು, ತೊಳೆಯುವ ಬ್ರಷ್ ಒಂದು, ನೀರು ಬಸಿಯುವ ತಟ್ಟೆ ಒಂದು. ಡಬ್ಬಿಯನ್ನೂ ಲೆಕ್ಕಕ್ಕೆ ಸೇರಿಸಿದ್ದರು. ಮೊಟ್ಟೆ ಒಳಗೆ ಬರದ ಅಡಿಗೆಮನೆ ನಮ್ಮದು.

ಭಾವ (ಪುಣೆ): ನಾನು ಕೆಲಸ ಮಾಡುವುದು ಕೊಯ್ಯುವ ಉಪಕರಣಗಳ ಕಾರ್ಖಾನೆಯಲ್ಲಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ. ಈ ಡಬ್ಬಿಯಲ್ಲಿ ತರಕಾರಿಯನ್ನು ಮೇಲಿನಿಂದ ಒತ್ತುತ್ತೇವೆ, ಅದು ಜಾಲರಿಯಲ್ಲಿ ತೂರಿ ಬರಬೇಕು. ಎಲ್ಲ ಅಲಗೂ ಒಂದೇ ಸಲ ಕಚ್ಚುವುದರಿಂದ ಬಲ ಜಾಸ್ತಿ ಬೇಕು. ಗಟ್ಟಿ ಕಾಯಿಗೆ ಇದು ಒಗ್ಗುವುದಿಲ್ಲ. ಮಣೆಯ ಥರದ್ದರಲ್ಲಿ ಕಾಯಿಯನ್ನು ಅಲಗಿನ ಮೇಲೆ ಜಾರಿಸುತ್ತೇವೆ. ಒಂದು ಸಲಕ್ಕೆ ಒಂದೇ ಬಿಲ್ಲೆ ಏಳುತ್ತದೆ, ಬಲ ಕಮ್ಮಿ ಸಾಕು. ದೊಡ್ಡಮ್ಮನಿಗೆ ಬೇಕಾದ್ದು ಮಣೆ.

ಮಾವ (ಕಾಸರಗೋಡು): ಮಣೆಯಾದರೆ ಇಲ್ಲಿಯ ಪಾತ್ರೆ ಅಂಗಡಿಯಲ್ಲೇ ಸಿಗುತ್ತದೆ. ಮರದ ಹಲಗೆ, ನಡುವೆ ಒಂದು ಅಲಗು. ಚಿಪ್ಸಿನ ಅಂಗಡಿಯವರು ಅದನ್ನೇ ಬಾಣಲೆಯ ಮೇಲೆ ಹಿಡಿದು ನೇರ ಎಣ್ಣೆಗೇ ಸೀಳಿ ಬಿಡುತ್ತಾರೆ. ನೋಡಲಿಕ್ಕೆ ಎರಡು ಕಣ್ಣು ಸಾಲದು.

ಸಣ್ಣತ್ತೆ: ಹೌದು ಹೌದು, ಹಾಗೆ ಮಾಡಿದರೆ ಬಿಲ್ಲೆ ಒಂದಕ್ಕೊಂದು ಅಂಟುವುದಿಲ್ಲ.

ಅಕ್ಕ: ದಯವಿಟ್ಟು ಯಾರೂ ಮನೆಯಲ್ಲಿ ಹಾಗೆ ಮಾಡಬೇಡಿ. ಅವರು ದಿನವಿಡೀ ಅದೇ ಕೆಲಸ ಮಾಡುವವರು. ನಮ್ಮ ಆಸ್ಪತ್ರೆಗೆ ಸ್ಲೈಸರಿನಲ್ಲಿ ಬೆರಳು ಕೊಯ್ದುಕೊಂಡು ಬರುವವರು ಮನೆಯವರೇ. ಗಾಯ ಸಾಮಾನ್ಯವಾಗಿ ಬೆರಳ ತುದಿಗೆ. ಕಾಯಿ ಉದ್ದ ಇರುವಾಗ ಏನೂ ಆಗುವುದಿಲ್ಲ. ಕೊನೆಯ ತುಂಡು ಉಳಿಯುತ್ತದಲ್ಲ, ಅದನ್ನು ವೇಸ್ಟ್ ಮಾಡುವುದು ಬೇಡ ಅಂತ ಬೆರಳಲ್ಲಿ ತಳ್ಳುತ್ತಾರೆ. ಆಗ ಕಾಯಿಯ ಜೊತೆ ತುದಿಯ ಮಾಂಸವೂ ಹೋಗುತ್ತದೆ. ಸೀಳಿದ ಗಾಯವಾದರೆ ಹೊಲಿಯಬಹುದು. ಚಪ್ಪಟೆಯಾಗಿ ಹಾರಿಹೋದದ್ದನ್ನು ಹೊಲಿಯಲು ಎರಡು ಅಂಚು ಎಲ್ಲಿದೆ?

ಅಪ್ಪಚ್ಚಿ: ನಾನು ಹೇಳಿದ್ದು ಅದನ್ನೇ. ಮೆಟ್ಟುಕತ್ತಿ!

ಅಕ್ಕ: ಮೆಟ್ಟುಕತ್ತಿಯಲ್ಲೂ ಕೊಯ್ಯುತ್ತದೆ ಅಪ್ಪಚ್ಚಿ. ಆದರೆ ಅಲ್ಲಿ ಅಲಗು ನಿಂತಲ್ಲೇ ಇರುತ್ತದೆ, ಎರಡು ಕೈಯಲ್ಲೂ ಕಾಯಿ ಹಿಡಿದಿರುತ್ತೇವೆ, ಅಲಗು ಕಣ್ಣೆದುರಿಗೇ ಇರುತ್ತದೆ. ಸ್ಲೈಸರಿನಲ್ಲಿ ಅಲಗು ಕಾಯಿಯ ಅಡಿಗೆ ಮರೆಯಾಗಿರುತ್ತದೆ. ವ್ಯತ್ಯಾಸ ಅದು. ಇನ್ನೊಂದು ವಿಷಯ, ದೊಡ್ಡಮ್ಮ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಸಣ್ಣ ಗಾಯವೂ ಬೇಗ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯೂ ಇದೆ, ಒಣಗುವುದು ನಿಧಾನ. ಬೆಲೆ ಎಷ್ಟು, ಅಲಗು ಎಷ್ಟು ಅಂತ ಮಾತಾಡುವ ಮೊದಲು ಇದನ್ನು ಯೋಚಿಸಿ.

ಸಣ್ಣತ್ತೆ: ಕೊಯ್ದರೆ ಅರಿಸಿನ ಒತ್ತಿದರೆ ಆಯಿತಲ್ಲ?

ಅಕ್ಕ: ಅರಿಸಿನವೂ ಬೇಡ, ಕಾಫಿ ಪುಡಿಯೂ ಬೇಡ. ಶುದ್ಧ ಬಟ್ಟೆಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು ಕೈ ಮೇಲೆ ಎತ್ತಬೇಕು. 10 ನಿಮಿಷ ತೆಗೆದು ನೋಡಲೇಬಾರದು. ನೋಡಿದಷ್ಟೂ ಮತ್ತೆ ಶುರುವಾಗುತ್ತದೆ. ನಿಲ್ಲದಿದ್ದರೆ ಆಸ್ಪತ್ರೆಗೆ.

ಇಷ್ಟು ಹೊತ್ತು ಎಲ್ಲರೂ ದೊಡ್ಡಮ್ಮನ ಬಗ್ಗೆ ಮಾತಾಡಿದ್ದೆವೇ ಹೊರತು ದೊಡ್ಡಮ್ಮ ಮಾತಾಡಿರಲಿಲ್ಲ. ಮಧ್ಯಾಹ್ನ ಊಟ ಆಗಿ ಎಲ್ಲ ತೊಳೆದಿಟ್ಟ ಮೇಲೆ ಅವರ ಮೊದಲ ಧ್ವನಿ ಬಂತು. ಅಷ್ಟರಲ್ಲಿ ಭಾವ ಮತ್ತು ತಮ್ಮ ಸ್ಟೀಲಿಗೆ ಇಳಿದಿದ್ದರು. ಅದನ್ನು ಮೊದಲು ಹೇಳಿಬಿಡುತ್ತೇನೆ.

ತಮ್ಮ: ಭಾವ, ಮಣೆ ಅಂದರೆ ಸ್ಟೀಲ್ ಒಳ್ಳೆಯದಿರಬೇಕು ಅಲ್ವಾ? ಅಂಗಡಿಗೆ ಹೋಗಿ ಅಯಸ್ಕಾಂತ ಹಿಡಿದು ನೋಡಬೇಕು. ಅಂಟಿದರೆ ಕಳಪೆ ಮಾಲು.

ಭಾವ: ಪಾತ್ರೆಗಾದರೆ ಆ ಮಾತಿಗೆ ಅರ್ಥ ಇದೆ. ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುವ 304 ಸ್ಟೀಲಿಗೆ ಸಾಮಾನ್ಯವಾಗಿ ಅಯಸ್ಕಾಂತ ಹಿಡಿಯುವುದಿಲ್ಲ. ಆದರೆ ಆ ಸ್ಟೀಲನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಲು ಆಗುವುದಿಲ್ಲ, ಹರಿತ ನಿಲ್ಲುವುದಿಲ್ಲ. ಅಲಗಿಗೆ ಬಳಸುವ 420 ಥರದ ಸ್ಟೀಲಿನಲ್ಲಿ ಕ್ರೋಮಿಯಂ 13 ಭಾಗದ ಆಸುಪಾಸು, ಜೊತೆಗೆ ಇಂಗಾಲ. ಅದನ್ನು ಕಾಯಿಸಿ ಗಟ್ಟಿ ಮಾಡಬಹುದು. ಅದಕ್ಕೆ ಅಯಸ್ಕಾಂತ ಅಂಟಿಯೇ ಅಂಟುತ್ತದೆ. ಅಲಗಿಗೆ ಅಂಟದಿದ್ದರೇ ನೀನು ಹೆದರಬೇಕು.

ತಮ್ಮ: ಅಂದರೆ ನಾನು ಇಷ್ಟು ವರ್ಷ ವಾಪಸ್ ಇಟ್ಟು ಬಂದ ಚಾಕುಗಳೆಲ್ಲ ಒಳ್ಳೆಯವಾ?

ಭಾವ: ಅದು ನನಗೆ ಗೊತ್ತಿಲ್ಲ ಮಾರಾಯ.

ಇನ್ನು ದೊಡ್ಡಮ್ಮ.

ದೊಡ್ಡಮ್ಮ (ಧ್ವನಿ): ನೋಡಿ, ಹಲಸಿನಕಾಯಿಗೆ ನಿಮ್ಮ ಯಾವ ಮಣೆಯೂ ಆಗುವುದಿಲ್ಲ. ಕಾಯಿ ಒಡೆಯಲು ಮೆಟ್ಟುಕತ್ತಿಯೇ ಬೇಕು, ಅಲಗಿಗೆ ಎಣ್ಣೆ ಸವರಿ. ಇಲ್ಲದಿದ್ದರೆ ಮೇಣ ಹಿಡಿದು ಕತ್ತಿ ಅಲ್ಲಾಡುವುದಿಲ್ಲ. ಸೊಳೆಯನ್ನು ಉದ್ದುದ್ದಕ್ಕೆ ಸೀಳುವುದೂ ಕೈಯಲ್ಲೇ. ಅದು ಬಾಗಿರುತ್ತದೆ, ಮಣೆಯಲ್ಲಿ ಇಟ್ಟರೆ ಜಾರುತ್ತದೆ. ಅಲಸಂಡೆ, ತೊಂಡೆಕಾಯಿಗೆ ಚಾಕು ಸಾಕು, ಮೇಜಿನ ಹತ್ತಿರ ಕುರ್ಚಿಯಲ್ಲಿ ಕೂತು ಹೆಚ್ಚುತ್ತೇನೆ. ನನಗೆ ಕಷ್ಟ ಆಗುವುದು ಬಾಳೆಕಾಯಿ. ತೋಟದಲ್ಲಿ ಒಂದು ನೇಂದ್ರ ಗೊನೆ ಕಡಿದರೆ ಅಷ್ಟನ್ನೂ ಚಿಪ್ಸ್ ಮಾಡಿ ನಿಮಗೆಲ್ಲ ಕಳಿಸಬೇಕು ಅಂತ ಆಸೆ. ಒಂದೇ ದಪ್ಪಕ್ಕೆ ಬರುವುದಿಲ್ಲ ಈಗ. ಕೈ ನಡುಗುತ್ತದೆ. ತೆಳು ಇದ್ದದ್ದು ಕರಟುತ್ತದೆ, ದಪ್ಪ ಇದ್ದದ್ದು ಮಾರನೇ ದಿನಕ್ಕೆ ಮೆತ್ತಗಾಗುತ್ತದೆ. ದೊಡ್ಡಪ್ಪ ಏನೂ ಹೇಳುವುದಿಲ್ಲ, ಮೆತ್ತಗಿನದ್ದನ್ನು ಹೆಕ್ಕಿ ಬದಿಗೆ ಇಡುತ್ತಾರೆ.

ಅಪ್ಪಚ್ಚಿ: ತಿಥಿಗೆ ನಲವತ್ತು ಜನ ಆಗುತ್ತದೆ. ಅದಕ್ಕೂ ಸೇರಿಸಿ ಯೋಚಿಸಬೇಕು ದೊಡ್ಡತ್ತಿಗೆ. ದೊಡ್ಡದೇ ತರಿಸುವ.

ದೊಡ್ಡಮ್ಮ (ಧ್ವನಿ): ತಿಥಿಯ ದಿನ ಅಡಿಗೆಯವರು ಅವರದ್ದೇ ಕತ್ತಿ ತರುತ್ತಾರೆ. ಮಡಿಯಲ್ಲಿ ಈ ಪ್ಲಾಸ್ಟಿಕನ್ನು ಯಾರು ಮುಟ್ಟುತ್ತಾರೆ? ನಾನು ಕೇಳುತ್ತಿರುವುದು ನಿತ್ಯದ ಮೂರು ಜನದ ಅಡಿಗೆಗೆ, ಮತ್ತೆ ಚಿಪ್ಸಿಗೆ.

ಈ ಎರಡು ಮಾತಿನಲ್ಲಿ ಅರ್ಧ ಪಟ್ಟಿ ತಾನಾಗಿ ಹೋಯಿತು. ಆದರೂ ಸೋದರಸಂಬಂಧಿಗಳು ಸುಮ್ಮನಿರುತ್ತಾರೆಯೇ? ಒಬ್ಬರು ಫುಡ್ ಪ್ರೊಸೆಸರ್ ಅಂದರು. ಬೇಗ ಆಗುತ್ತದೆ, ನಿಜ. ಬಿಲ್ಲೆ ಮಾಡುವ ತಟ್ಟೆಯಲ್ಲಿ ಬಹಳಷ್ಟು ಸಲ ಒಂದೇ ದಪ್ಪ ಇರುತ್ತದೆ, ಮತ್ತೊಂದು ದಪ್ಪಕ್ಕೆ ಮತ್ತೊಂದು ತಟ್ಟೆ. ಎರಡು ಬಾಳೆಕಾಯಿ ಪಲ್ಯಕ್ಕೆ ಬಟ್ಟಲು, ಮುಚ್ಚಳ, ತಳ್ಳುವ ಕೋಲು, ತಟ್ಟೆ ಎಲ್ಲ ತೊಳೆಯಬೇಕು. ಮಳೆಗಾಲದಲ್ಲಿ ಕರೆಂಟಿನ ಪಾಡು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ದಾರ ಎಳೆಯುವ ಚಾಪರ್ ಅಂದವರೂ ಇದ್ದರು. ಅದು ಕೊಚ್ಚುತ್ತದೆ, ಬಿಲ್ಲೆ ಮಾಡುವುದಿಲ್ಲ. ಅಲ್ಲಿಗೆ ಅದು ಮುಗಿಯಿತು.

ಸಣ್ಣತ್ತೆಯ ಮನೆಯಲ್ಲಿರುವ, ಹಿಡಿ ತಿರುಗಿಸಿದರೆ ಅಲಗಿನ ಡ್ರಮ್ ಸುತ್ತಿ ಕೊರೆಯುವ ಸಾಮಾನಿನ ಬಗ್ಗೆ ಸ್ವಲ್ಪ ಹೆಚ್ಚು ಮಾತಾಯಿತು. ಅದರ ಅಡಿಯಲ್ಲಿ ರಬ್ಬರಿನ ಪಾದ, ಗಾಳಿ ಹೀರಿ ಮೇಜಿಗೆ ಕಚ್ಚಿಕೊಳ್ಳುತ್ತದೆ. ಕೈ ಅಲಗಿನ ಹತ್ತಿರ ಹೋಗುವುದೇ ಇಲ್ಲ.

ಸಣ್ಣತ್ತೆ: ಇದಕ್ಕಿಂತ ಸುರಕ್ಷಿತ ಬೇರೆ ಇಲ್ಲ. ಕ್ಯಾರೆಟ್ ತುರಿ, ಕ್ಯಾಬೇಜ್ ಎಲ್ಲ ನಿಮಿಷದಲ್ಲಿ.

ಅಕ್ಕ: ಸುರಕ್ಷಿತ ಹೌದು, ಒಪ್ಪಿದೆ. ನನ್ನ ಓಟು ಇದಕ್ಕೆ.

ಭಾವ: ನೇಂದ್ರಕ್ಕೆ ಒಂದು ತೊಂದರೆ ಇದೆ. ಡ್ರಮ್ಮಿನಲ್ಲಿ ದಪ್ಪ ಬದಲಿಸಲು ಆಗುವುದಿಲ್ಲ. ಡ್ರಮ್ ದುಂಡಗೆ ಇರುವುದರಿಂದ ಬಿಲ್ಲೆಯೂ ಒಂದು ಅಂಚಿನಲ್ಲಿ ತೆಳು ಆಗಬಹುದು. ಸಣ್ಣತ್ತೆ, ಒಂದು ಬಾಳೆಕಾಯಿ ಹಾಕಿ ಫೋಟೊ ಕಳಿಸುತ್ತೀರಾ?

ಸಣ್ಣತ್ತೆ ಒಂದು ಗಂಟೆ ಬಿಟ್ಟು ಫೋಟೊ ಕಳಿಸಿದರು. ಮೇಜಿನ ಮರದ ಹಲಗೆ ಒರಟು. ರಬ್ಬರಿನ ಪಾದ ನಿಲ್ಲದೆ ಸ್ಟೀಲ್ ತಟ್ಟೆಯ ಮೇಲೆ ಇಟ್ಟಿದ್ದರು. ಬಿಲ್ಲೆಗಳು ಕೆಲವು ಪೂರ್ತಿ, ಕೆಲವು ಅರ್ಧಚಂದ್ರ, ಕೆಲವು ಬರೀ ಅಂಚು. ಡ್ರಮ್ಮಿನ ತೂತುಗಳಲ್ಲಿ ಬಾಳೆಕಾಯಿಯ ಅಂಟು ಕಪ್ಪಗೆ ಕೂತಿತ್ತು. ಅವರು ಬರೆದದ್ದು ಇಷ್ಟೇ: ಕ್ಯಾರೆಟ್ಟಿಗೆ ಒಳ್ಳೆಯದು.

ಮಾವ: ಇಲ್ಲೇ ನಮ್ಮ ಕೂಡ್ಲಿನ ಸಿಪಿಸಿಆರ್‌ಐಯವರು (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ತೆಂಗಿನಕಾಯಿ ಚಿಪ್ಸಿಗೆ ಸೀಳುವ ಯಂತ್ರ ಮಾಡಿದ್ದಾರೆ. ಕೈಯದ್ದೂ ಇದೆ, ಕರೆಂಟಿನದ್ದೂ ಇದೆ. ಅದನ್ನು ತಂದರೆ?

ಅಪ್ಪಚ್ಚಿ: ಅದು ಚಿಪ್ಸ್ ಮಾಡಿ ಮಾರುವವರಿಗೆ. ನಿನಗೆ ದೊಡ್ಡಮ್ಮ ಅಂಗಡಿ ತೆರೆಯಬೇಕಾ?

ಮಾವ: ತೆರೆದರೆ ನಾನು ಮೊದಲ ಗಿರಾಕಿ.

ಸಂಜೆ ಹೊತ್ತಿಗೆ ಮಣೆ ಅನ್ನುವುದು ಗಟ್ಟಿಯಾಯಿತು. ಯಾವ ಮಣೆ ಅನ್ನುವುದು ಉಳಿಯಿತು. ಭಾವ ಮೂರು ಚಿತ್ರ ಬಿಡಿಸಿ ಕಳಿಸಿದರು: ಅಲಗು ಅಡ್ಡಕ್ಕೆ ನೇರ, ಅಲಗು ಓರೆ, ಎರಡು ಅಲಗು ಸೇರಿ ವಿ ಆಕಾರ. ನೇರ ಅಲಗಿಗೆ ಕಾಯಿ ಇಡಿಯಾಗಿ ಬಂದು ಬಡಿಯುತ್ತದೆ, ತಳ್ಳುವುದು ಕಷ್ಟ. ಓರೆಯಾದರೆ ಸೀಳುತ್ತಾ ಹೋಗುತ್ತದೆ, ಹಗುರ. ಜಪಾನಿನ ಬೆನ್ರಿನರ್ ಓರೆಯ ಥರದ್ದು, ಜರ್ಮನಿಯ ಬೋರ್ನರ್ ವಿ ಥರದ್ದು. ಅದೇ ಮಾದರಿಯವು ಇಲ್ಲಿಯೂ ಕಮ್ಮಿ ಬೆಲೆಗೆ ಸಿಗುತ್ತವೆ.

ಭಾವ: ನನ್ನ ಪ್ರಕಾರ ಓರೆ ಅಲಗು, ದಪ್ಪ ಬದಲಿಸುವ ತಿರುಪು ಇರುವುದು. ಚಿಪ್ಸಿಗೆ ಒಂದೂವರೆಯಿಂದ ಎರಡು ಮಿಲಿಮೀಟರ್. ಬೆಲ್ಲದ ಪಾಕ ಹಿಡಿಸುವ ಸಕ್ಕರೆವರಟ್ಟಿ ಮಾಡುವುದಾದರೆ ಅದು ದಪ್ಪ ತುಂಡು, ಅದಕ್ಕೆ ಚಾಕು. ಚಿತ್ರವಿಚಿತ್ರ ಅಲಗುಗಳು ಬೇಡ. ತುಂಡು ಹಿಡಿಯುವ ಮುಳ್ಳಿನ ಹಿಡಿಕೆ ಜೊತೆಗೆ ಬರಬೇಕು.

ಅಕ್ಕ: ಹಿಡಿಕೆ ಬರುತ್ತದೆ, ಮೂರನೇ ದಿನ ಅದು ಕಪಾಟಿನೊಳಗೆ ಹೋಗುತ್ತದೆ. ಎಲ್ಲರ ಮನೆಯಲ್ಲೂ ಇದೇ ಕಥೆ. ಕೈಗವಸು ಕೂಡ ತರಿಸಿ, ಕೊಯ್ಯದಂತೆ ತಡೆಯುವ ನೂಲಿನದು. ಅದಕ್ಕೆ ಯುರೋಪಿನ ಇಎನ್ 388 ಅಂತ ಒಂದು ಅಳತೆ ಇದೆ. ಕೊಯ್ತ ತಡೆಯುವುದಕ್ಕೆ ಹಳೆಯ ಲೆಕ್ಕದಲ್ಲಿ 5 ಅನ್ನುವುದು ಎಲ್ಲಕ್ಕಿಂತ ಮೇಲಿನದು. 2016ರ ಮೇಲೆ ಎಯಿಂದ ಎಫ್‌ವರೆಗೆ ಅಕ್ಷರವೂ ಬಂದಿದೆ. ಆದರೆ ಚುಚ್ಚಿದರೆ ಅದು ತಡೆಯುವುದಿಲ್ಲ, ಹೆಣೆದ ನೂಲು ಅಲ್ವಾ. ಮುಳ್ಳಿಗೆ, ಚಾಕುವಿನ ಮೊನೆಗೆ ಅದನ್ನು ನಂಬಬೇಡಿ.

ಅಪ್ಪಚ್ಚಿ: ಎಲ್ಲ ಮುಗಿಯಿತಾ? ಹಾಗಾದರೆ ಒಂದು ಪ್ರಶ್ನೆ. ದೊಡ್ಡತ್ತಿಗೆ ಯಾವ ಕೈಯಲ್ಲಿ ಕೊರೆಯುವುದು?

ಗುಂಪು ಒಂದು ಕ್ಷಣ ತೆಪ್ಪಗಾಯಿತು. ದೊಡ್ಡಮ್ಮ ಎಡಚರು. ಊಟ ಬಡಿಸುವುದು ಬಲಗೈಯಲ್ಲಿ, ಉಳಿದ ಕೆಲಸವೆಲ್ಲ ಎಡಗೈಯಲ್ಲಿ. ನಾವೆಲ್ಲ ಅವರ ಕೈಯಡಿಗೆ ಉಂಡು ಬೆಳೆದವರು. ಅವರ ಮೈದುನ ಅಪ್ಪಚ್ಚಿಗೆ ಮಾತ್ರ ಅದು ನೆನಪಿತ್ತು, ಅದೂ ಮೆಟ್ಟುಕತ್ತಿಯ ಪರ ವಾದಿಸಲಿಕ್ಕೆ.

ಅಪ್ಪಚ್ಚಿ: ಮೆಟ್ಟುಕತ್ತಿಗೆ ಎಡ ಬಲ ಇಲ್ಲ. ಕಾಲು ಬದಲಿಸಿ ಕೂತರೆ ಆಯಿತು. ನಿಮ್ಮ ಓರೆ ಅಲಗು?

ಭಾವ: ಒಳ್ಳೆಯ ಪ್ರಶ್ನೆ. ಓರೆ ಅಲಗಿನಲ್ಲಿ ತಳ್ಳುವಾಗ ಕಾಯಿ ಒಂದು ಬದಿಗೆ ಜಾರುತ್ತದೆ. ಬಲಗೈಯವರು ತಡೆದುಕೊಳ್ಳುವ ಹಾಗೆ ಎಡಗೈಯವರಿಗೆ ಸುಲಭ ಅಲ್ಲ. ವಿ ಆಕಾರದ್ದು ಎರಡು ಬದಿಗೂ ಸಮ, ಕಾಯಿ ನಡುವಿಗೇ ಬರುತ್ತದೆ. ಹಾಗಾದರೆ ವಿ ತೆಗೆದುಕೊಳ್ಳೋಣ.

ತಮ್ಮ: ಡಬ್ಬಿ ಕ್ಯಾನ್ಸಲ್. ವಿ ಮಣೆಯ ಲಿಂಕ್ ಹುಡುಕುತ್ತಿದ್ದೇನೆ. ಕೈಗವಸಿನಲ್ಲಿ ಎಡಗೈಯದ್ದು ಬೇರೆ ಇರುತ್ತದಾ ಅಕ್ಕ?

ಅಕ್ಕ: ಹೆಚ್ಚಿನವು ಎರಡು ಕೈಗೂ ಆಗುತ್ತವೆ. ಅಳತೆ ನೋಡು, ದೊಡ್ಡಮ್ಮನ ಕೈ ಸಣ್ಣದು. ಸಡಿಲ ಇದ್ದರೆ ನೂಲೇ ಅಲಗಿಗೆ ಸಿಕ್ಕುತ್ತದೆ.

ಅತ್ತಿಗೆ: ದೊಡ್ಡಮ್ಮ, ಬಾಳೆಕಾಯಿಯ ಕಪ್ಪು ಕೈಗೆ ಹಿಡಿಯುವುದೂ ತಪ್ಪುತ್ತದೆ ನೋಡಿ.

ದೊಡ್ಡಮ್ಮ (ಧ್ವನಿ): ಕೈಗೆ ತೆಂಗಿನೆಣ್ಣೆ ಸವರಿಕೊಂಡರೆ ಕಪ್ಪು ಹಿಡಿಯುವುದಿಲ್ಲ. ಬಾಳೆಕಾಯಿಯನ್ನೂ ಸಿಪ್ಪೆ ತೆಗೆದು ಅರಿಸಿನ ಉಪ್ಪಿನ ನೀರಲ್ಲಿ ಇಟ್ಟು, ಒರೆಸಿ ಆಮೇಲೆ ಸೀಳಬೇಕು. ಮೆಟ್ಟುಕತ್ತಿಯ ಕಬ್ಬಿಣಕ್ಕೆ ಬಾಳೆಕಾಯಿಯ ಒಗರು ತಾಗಿದರೆ ಇನ್ನೂ ಕಪ್ಪು. ಸ್ಟೀಲಾದರೆ ಅಷ್ಟಿಲ್ಲ, ಅದು ಸರಿ. ಬಿಲ್ಲೆ ಎಲ್ಲ ಒಂದೇ ದಪ್ಪ ಇದ್ದರೆ ಒಟ್ಟಿಗೆ ಬೇಯುತ್ತದೆ. ಅರ್ಧ ಬೆಂದಾಗ ಒಂದು ಚಮಚ ಉಪ್ಪು ನೀರು ಎಣ್ಣೆಗೆ ಹಾಕುವುದು, ಸಿಡಿಯುವ ಸದ್ದು ನಿಂತ ಕೂಡಲೇ ತೆಗೆಯುವುದು. ಮಾವ, ನೀವು ಗಿರಾಕಿ ಆಗುವುದಾದರೆ ಡಬ್ಬಿ ತಂದುಕೊಡಿ.

ತಮ್ಮ: ಎಂಟು ಮನೆಗೆ ಹಂಚಿದರೆ ತಲೆಗೆ ನೂರೈವತ್ತೂ ಆಗುವುದಿಲ್ಲ. ಮೂರು ದಿನದಲ್ಲಿ ಬರುತ್ತದೆ ಅಂತ ತೋರಿಸುತ್ತಿದೆ. ಮನೆ ವಿಳಾಸಕ್ಕೆ ಹಾಕಲಾ?

ಅಪ್ಪಚ್ಚಿ: ಮನೆವರೆಗೆ ಕೊರಿಯರಿನವ ಬರುವುದಿಲ್ಲ. ಪೆರ್ಲ ಪೇಟೆಯ ಅಂಗಡಿಗೆ ಹಾಕು, ದೊಡ್ಡಣ್ಣ (ನಿಮ್ಮ ದೊಡ್ಡಪ್ಪ) ಹಾಲಿಗೆ ಹೋದಾಗ ತರುತ್ತಾನೆ. ಮತ್ತೆ ನನ್ನದೊಂದು ಮಾತು. ಮೆಟ್ಟುಕತ್ತಿಯನ್ನು ಅಟ್ಟಕ್ಕೆ ಹಾಕಬಾರದು. ಹಲಸಿನಕಾಯಿ ಬಂದಾಗ ಎಲ್ಲರೂ ಅದನ್ನೇ ಹುಡುಕುತ್ತೀರಿ. ಆಚಾರಿಗೆ ಹೇಳಿ ಅದನ್ನು ಗಟ್ಟಿ ಬೆಂಚಿಗೆ ಕೂರಿಸಿಕೊಡುತ್ತೇನೆ, ಕುರ್ಚಿಯಲ್ಲಿ ಕೂತು ಕೊರೆಯಲಿ. ಆ ಖರ್ಚು ನನ್ನದು, ಹಂಚಬೇಡಿ.

ದೊಡ್ಡಮ್ಮ (ಧ್ವನಿ): ಅದು ಆಗಬಹುದು. ಬೆಂಚು ನನ್ನ ಸೊಂಟಕ್ಕಿಂತ ಮೇಲೆ ಬೇಡ. ಆಚಾರಿ ಬರುವ ದಿನ ಹೇಳು, ನಾನೇ ನಿಂತು ಅಳತೆ ತೋರಿಸುತ್ತೇನೆ. ಪುಟ್ಟ, ಆ ಕೈಗವಸು ಎರಡು ಜೊತೆ ತರಿಸು. ಒಂದು ಒಗೆದು ಹಾಕಿದರೆ ಈ ಮಳೆಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ.